ಸುಕೂನೋ, ಸನ್ನಾಟಾನೋ? ಒಂದು ಡಚ್ ಕಾಲುವೆಯ ಚಿತ್ರವನ್ನು ಕಾಮರ್ಸ್ ಕಣ್ಣಿನಿಂದ ನೋಡಿದಾಗ

ನಮ್ಮದು ಹೆಬಾ ಕಾಂಬಿನೇಷನ್. ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ಇದರಲ್ಲಿ ಚಿತ್ರಕಲೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕಳೆದ ತಿಂಗಳು ಇತಿಹಾಸದ ಸರ್ ಯುರೋಪಿನ ವ್ಯಾಪಾರಿ ಕಂಪನಿಗಳ ಪಾಠ ಮುಗಿಸಿ, ಗಂಟೆ ಹೊಡೆಯಲು ಹತ್ತು ನಿಮಿಷ ಉಳಿದಿದ್ದಾಗ ಪರದೆಯ ಮೇಲೆ ಒಂದು ಚಿತ್ರ ಹಾಕಿದರು. ನೀರು, ದಂಡೆ, ಇಟ್ಟಿಗೆಯ ಹಳೆಯ ಮನೆಗಳು, ಗೋಡೆಯ ಮೇಲೆ ಬಿಸಿಲು. "ಏನು ಕಾಣಿಸುತ್ತದೆ? ಒಂದೇ ಪದದಲ್ಲಿ ಹೇಳಿ" ಎಂದರು. ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿನವರೆಗೆ ಎಲ್ಲರದೂ ಒಂದೇ ಉತ್ತರ: ಶಾಂತಿ. ನಾನೂ ಅದನ್ನೇ ಹೇಳಿದೆ. ಸರ್ ನಕ್ಕು, "ಇದನ್ನು ಮನೆಯಲ್ಲಿ ಹಿರಿಯರಿಗೆ ತೋರಿಸಿ, ಅವರು ಏನು ಅನ್ನುತ್ತಾರೆ ಕೇಳಿಕೊಂಡು ಬನ್ನಿ" ಎಂದರು.

ಅವತ್ತು ರಾತ್ರಿ ಊಟವಾದ ಮೇಲೆ ದಾದಾಗೆ ಮೊಬೈಲಿನಲ್ಲಿ ತೋರಿಸಿದೆ. ದಾದಾ ನಲವತ್ತು ವರ್ಷ ಅರಳೆಯ ದಲಾಲಿ ಮಾಡಿದವರು. ಕನ್ನಡಕ ಹಾಕಿಕೊಂಡು, ಮೊಬೈಲನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಹಮಾಲಾಂ ಕಾಂ ಹೈಂ, ಬೇಟಾ?" ಹಮಾಲರು ಎಲ್ಲಿದ್ದಾರೆ? ಇಷ್ಟು ದೊಡ್ಡ ಮನೆಗಳು, ಎದುರಿಗೇ ಬಂದರಿನ ನೀರು. ಇದು ಪೇಟೆಯಲ್ಲವೇ? ಪೇಟೆಯಾದರೆ ಗಾಡಿ ಎಲ್ಲಿ, ಚೀಲ ಎಲ್ಲಿ, ಕೂಗಾಟ ಎಲ್ಲಿ?

ಆ ಪ್ರಶ್ನೆಗೆ ಉತ್ತರ ಹುಡುಕಿದ್ದೇ ಈ ಲೇಖನ.

ಮೊದಲು ಚಿತ್ರದ ಪರಿಚಯ. ಇದರ ಹೆಸರು 'ಎಂಕ್‌ಹೌಜನ್‌ನ ಜೌಡರ್‌ಹಾವನ್‌ಡೈಕ್'. ಉಚ್ಚಾರಕ್ಕೆ ಹೆದರಬೇಡಿ, ನಾನೂ ಎರಡು ದಿನ ತಡವರಿಸಿದೆ. ಡಚ್ ಭಾಷೆಯಲ್ಲಿ ಜೌಡರ್ ಎಂದರೆ ದಕ್ಷಿಣದ, ಹಾವನ್ ಎಂದರೆ ಬಂದರು, ಡೈಕ್ ಎಂದರೆ ನೀರು ತಡೆಯಲು ಕಟ್ಟಿದ ದಂಡೆ. ಅಂದರೆ 'ದಕ್ಷಿಣ ಬಂದರಿನ ದಂಡೆ'. ದಾದಾ ಹೇಳಿದ್ದು ಸರಿ, ಹೆಸರಿನಲ್ಲೇ ಬಂದರು ಇದೆ. ಬರೆದವನು ಕಾರ್ನೆಲಿಸ್ ಸ್ಪ್ರಿಂಗರ್, ವರ್ಷ 1868. ಈಗ ಆಮ್‌ಸ್ಟರ್‌ಡ್ಯಾಮ್ ನಗರದ ರೈಕ್ಸ್ ಮ್ಯೂಸಿಯಂನಲ್ಲಿದೆ. ಸ್ಪ್ರಿಂಗರ್ ಹುಟ್ಟಿದ್ದು 1817ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ತೀರಿಕೊಂಡದ್ದು 1891ರಲ್ಲಿ. ಮನೆತನ ಕಟ್ಟಡ ಕೆಲಸದ್ದು. ವಾಸ್ತುಶಿಲ್ಪಿಯಾಗಿದ್ದ ಅಣ್ಣನಿಂದ ಕಟ್ಟಡ ಬರೆಯುವ ಲೆಕ್ಕಾಚಾರ ಕಲಿತ. ಆಮೇಲೆ ಕಾಸ್ಪಾರಸ್ ಕಾರ್ಸನ್ ಎಂಬ ಚಿತ್ರಕಾರನ ಶಿಷ್ಯನಾದ. ಜೀವನವಿಡೀ ಬರೆದದ್ದು ಬಹುಪಾಲು ಊರುಗಳನ್ನೇ: ಬೀದಿ, ಚೌಕ, ಪುರಸಭೆಯ ಕಟ್ಟಡ, ಕಾಲುವೆ ದಂಡೆ. ಮೊದಮೊದಲು ಮನಸ್ಸಿಗೆ ತೋಚಿದ ಊರುಗಳನ್ನು ಕಲ್ಪಿಸಿ ಬರೆಯುತ್ತಿದ್ದವನು, ನಂತರ ನಿಜವಾದ ಊರುಗಳಿಗೇ ಹೋಗಿ ಬೇಸಿಗೆಯಲ್ಲಿ ರೇಖಾಚಿತ್ರ ಮಾಡಿಕೊಂಡು, ಚಳಿಗಾಲದಲ್ಲಿ ಮನೆಯಲ್ಲಿ ಕುಳಿತು ಎಣ್ಣೆ ಬಣ್ಣದಲ್ಲಿ ಪೂರ್ತಿ ಮಾಡುತ್ತಿದ್ದ. ಅವನ ಚಿತ್ರಗಳಿಗೆ ಬೇಡಿಕೆ ಎಷ್ಟಿತ್ತೆಂದರೆ ಕೊಳ್ಳುವವರು ತಮ್ಮ ಸರದಿಗಾಗಿ ಕಾಯಬೇಕಿತ್ತು. ಆರ್ಡರ್ ಬುಕ್ ತುಂಬಿದ ಕಲಾವಿದ! ನಮ್ಮ ಲೆಕ್ಕಶಾಸ್ತ್ರದ ಮೇಡಂ ಕೇಳಿದರೆ ಖುಷಿಪಡುತ್ತಾರೆ.

ಇಂಥ ಚಿತ್ರ ನೋಡುವಾಗ ನಾವು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಇಡೀ ಚಿತ್ರವನ್ನು ಒಂದೇ ಸಲ ನೋಡಿ "ಚೆನ್ನಾಗಿದೆ" ಎಂದು ಮುಂದೆ ಹೋಗುವುದು. ಕ್ಯಾಲೆಂಡರಿನ ಚಿತ್ರ ನೋಡಿದ ಹಾಗೆ. ಹಾಗಲ್ಲ, ಮೊದಲು ಚಿತ್ರಕಾರ ಎಲ್ಲಿ ನಿಂತಿದ್ದಾನೆ ಎಂದು ಕೇಳಿಕೊಳ್ಳಬೇಕು. ಬೀದಿಯ ಚಿತ್ರದಲ್ಲಿ ಮನೆಗಳ ಸಾಲು ದೂರ ಹೋದಂತೆ ಕಿರಿದಾಗುತ್ತದೆ. ಛಾವಣಿಯ ಗೆರೆ ಕೆಳಗಿಳಿಯುತ್ತದೆ, ದಂಡೆಯ ಗೆರೆ ಮೇಲೇರುತ್ತದೆ, ಎರಡೂ ಒಂದು ಬಿಂದುವಿನ ಕಡೆ ಓಡುತ್ತವೆ. ಆ ಬಿಂದುವಿನ ಮಟ್ಟವೇ ಚಿತ್ರಕಾರನ ಕಣ್ಣಿನ ಮಟ್ಟ. ಸ್ಕೇಲ್ ಇಟ್ಟು ನೋಡಿದರೆ ಯಾರಿಗಾದರೂ ಸಿಗುತ್ತದೆ. ಆಮೇಲೆ ಬಿಸಿಲು ಯಾವ ಕಡೆಯಿಂದ ಬಂದಿದೆ ಎಂದು ನೋಡಬೇಕು. ಸ್ಪ್ರಿಂಗರ್‌ನ ಹೆಚ್ಚುಗಾರಿಕೆ ಇರುವುದು ಇಲ್ಲೇ. ಹಳೆಯ ಇಟ್ಟಿಗೆಯ ಮೇಲೆ ಬಿಸಿಲು ಬಿದ್ದಾಗ ಬರುವ ಬೆಚ್ಚನೆಯ ಬಣ್ಣ ಅವನ ಕೈಯಲ್ಲಿ ಎಷ್ಟು ನಿಜವಾಗಿ ಬರುತ್ತದೆ ಎಂದರೆ, ಗೋಡೆ ಮುಟ್ಟಿದರೆ ಬಿಸಿ ತಾಗೀತು ಅನಿಸುತ್ತದೆ. ಕೊನೆಗೆ, ಮನುಷ್ಯರು ಎಷ್ಟು ದೊಡ್ಡವರು? ಇಲ್ಲಿ ಕಟ್ಟಡವೇ ನಾಯಕ. ಮನುಷ್ಯರು ಅದರ ಎತ್ತರ ತಿಳಿಯಲಿ ಎಂದು ಇಟ್ಟ ಅಳತೆಗೋಲಿನ ಹಾಗೆ ಸಣ್ಣಗಿದ್ದಾರೆ.

ನಾಲ್ಕನೆಯ ಪ್ರಶ್ನೆ ನನ್ನ ದಾದಾನದು. ಯಾರು ಇಲ್ಲ?

ಇದಕ್ಕೆ ಉತ್ತರ ಚಿತ್ರದ ಒಳಗೆ ಸಿಗುವುದಿಲ್ಲ. ಊರಿನ ಲೆಕ್ಕದ ಪುಸ್ತಕ ತೆರೆಯಬೇಕು. ಎಂಕ್‌ಹೌಜನ್ ಇರುವುದು ನೆದರ್ಲೆಂಡ್ಸಿನ ಉತ್ತರ ಹಾಲೆಂಡ್ ಪ್ರಾಂತ್ಯದಲ್ಲಿ, ಆಗಿನ ಜೌಡರ್‌ಜೀ ಎಂಬ ಒಳಗಡಲಿನ ದಂಡೆಯ ಮೇಲೆ. ಹೆರಿಂಗ್ ಎಂಬ ಮೀನಿನ ವ್ಯಾಪಾರದಿಂದ ಬೆಳೆದ ಊರು. ಊರಿನ ಲಾಂಛನದಲ್ಲೇ ಮೂರು ಹೆರಿಂಗ್ ಮೀನುಗಳಿವೆ. 1602ರ ಮಾರ್ಚ್ 20ರಂದು ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದಾಗ ಅದರ ಆರು ಶಾಖೆಗಳಲ್ಲಿ ಒಂದು ಈ ಊರಿನದು. ಉಳಿದವು ಆಮ್‌ಸ್ಟರ್‌ಡ್ಯಾಮ್, ಮಿಡಲ್‌ಬರ್ಗ್, ಡೆಲ್ಫ್ಟ್, ರಾಟರ್‌ಡ್ಯಾಮ್, ಹೋರ್ನ್. ಕಂಪನಿಗೆ ಕೂಡಿದ ಬಂಡವಾಳ ಸುಮಾರು 64 ಲಕ್ಷ ಗಿಲ್ಡರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆಮ್‌ಸ್ಟರ್‌ಡ್ಯಾಮ್ ಒಂದರದೇ. ಎಂಕ್‌ಹೌಜನ್ ಕೊಟ್ಟದ್ದು ಸುಮಾರು 5 ಲಕ್ಷ 40 ಸಾವಿರ. ಇಂದು ದೊಡ್ಡ ನಗರವಾಗಿರುವ ರಾಟರ್‌ಡ್ಯಾಮ್ ಅಂದು ಕೊಟ್ಟದ್ದಕ್ಕಿಂತ ಮೂರು ಪಟ್ಟು! ಕಂಪನಿಯ ಹದಿನೇಳು ನಿರ್ದೇಶಕರಲ್ಲಿ ಒಬ್ಬ ಈ ಊರಿನವನಾಗಿರಲೇಬೇಕಿತ್ತು.

ಷೇರು ಎಂದರೆ ಶ್ರೀಮಂತರ ವ್ಯವಹಾರ ಎಂದು ನಾನು ತಿಳಿದಿದ್ದೆ. ಆದರೆ ಈ ಕಂಪನಿಗೆ ಹಣ ಹಾಕಲು ಕನಿಷ್ಠ ಮೊತ್ತವೇ ಇರಲಿಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಡಿರ್ಕ್ ವಾನ್ ಓಸ್ ಎಂಬ ವ್ಯಾಪಾರಿಯ ಮನೆಯಲ್ಲೇ ಷೇರು ಬರೆಸಿಕೊಳ್ಳುತ್ತಿದ್ದರು. ಅದೇ ಮನೆಯ ಕೆಲಸದಾಕೆ ನೀಲ್ಟ್‌ಖೆನ್ ಕಾರ್ನೆಲಿಸ್ ತನ್ನ ಉಳಿತಾಯದಿಂದ 100 ಗಿಲ್ಡರ್ ಹಾಕಿದಳು. ನಮ್ಮ ಪುಸ್ತಕದಲ್ಲಿ ಜಾಯಿಂಟ್ ಸ್ಟಾಕ್ ಕಂಪನಿಯ ಲಕ್ಷಣಗಳನ್ನು ಉರುಹೊಡೆಯುವಾಗ ಅವಳ ಹೆಸರು ಅಲ್ಲಿ ಇದ್ದಿದ್ದರೆ ಉತ್ತರ ಸುಲಭವಾಗಿ ನೆನಪಿರುತ್ತಿತ್ತು.

ಈಗ ನಮ್ಮ ಕಡೆಗೆ ಬರೋಣ, ಏಕೆಂದರೆ ಈ ಊರಿನ ಖಾತೆಯಲ್ಲಿ ನಮ್ಮ ಸೀಮೆಯ ಹೆಸರೂ ಇದೆ. ಎಂಕ್‌ಹೌಜನ್‌ನಲ್ಲಿ ಬೆಳೆದ ಯಾನ್ ಹೌಖನ್ ವಾನ್ ಲಿನ್ಸ್‌ಖೋಟನ್ ಎಂಬ ಯುವಕ 1583ರಲ್ಲಿ ಗೋವಾಕ್ಕೆ ಬಂದ. ಆಗ ಅವನಿಗೆ ಇಪ್ಪತ್ತು ವರ್ಷ, ನಮಗಿಂತ ಮೂರೇ ವರ್ಷ ದೊಡ್ಡವ. ಪೋರ್ಚುಗೀಸ್ ಆರ್ಚ್‌ಬಿಷಪ್ಪನ ಕಚೇರಿಯಲ್ಲಿ ಗುಮಾಸ್ತಗಿರಿ ಮಾಡುತ್ತಾ ಐದು ವರ್ಷ ಕಳೆದ. ಕೆಲಸದ ನಡುವೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದಿಟ್ಟುಕೊಂಡ. ಯಾವ ತಿಂಗಳಲ್ಲಿ ಯಾವ ಗಾಳಿ, ಯಾವ ಬಂದರಿನಲ್ಲಿ ಯಾವ ಸರಕು, ಹಡಗು ಯಾವ ದಾರಿಯಲ್ಲಿ ಹೋಗಬೇಕು, ಎಲ್ಲವೂ. ಗೋವಾದ ಪೇಟೆಯ ಚಿತ್ರ, ಸುತ್ತಲಿನ ರೈತರ ಚಿತ್ರ ಕೂಡ ಅವನ ಪುಸ್ತಕದಲ್ಲಿವೆ. ಆ ರೈತರನ್ನು ಪೋರ್ಚುಗೀಸರ ರೂಢಿಯಂತೆ 'ಕನಾರಿನ್' ಎಂದು ಕರೆದಿದ್ದಾನೆ. 1592ರಲ್ಲಿ ಊರಿಗೆ ಮರಳಿದ. 1596ರಲ್ಲಿ 'ಇಟಿನೆರಾರಿಯೊ' ಎಂಬ ಅವನ ಪುಸ್ತಕ ಪ್ರಕಟವಾಯಿತು. ಪೋರ್ಚುಗೀಸರು ನೂರು ವರ್ಷ ಮುಚ್ಚಿಟ್ಟಿದ್ದ ದಾರಿಯ ಗುಟ್ಟು ಬಯಲಾಯಿತು. ಡಚ್ ಹಡಗುಗಳು ಅವನ ಬರಹ ಹಿಡಿದುಕೊಂಡೇ ಪೂರ್ವಕ್ಕೆ ಹೊರಟವು. ಅವನು ಮಾತ್ರ ಎಂಕ್‌ಹೌಜನ್‌ನಲ್ಲೇ ಉಳಿದು, ಊರಿನ ಖಜಾಂಚಿಯಾಗಿ ಲೆಕ್ಕ ನೋಡಿಕೊಂಡು 1611ರಲ್ಲಿ ತೀರಿಕೊಂಡ.

ಬೆಳಗಾವಿಯಿಂದ ಅಂಬೋಲಿ ಘಟ್ಟ ಇಳಿದು ಸಾವಂತವಾಡಿ ದಾಟಿದರೆ ವೆಂಗುರ್ಲಾ. ಈಗ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿದೆ. ಅಲ್ಲಿ ಸಮುದ್ರದ ಹತ್ತಿರ ಡಚ್ಚರ ಹಳೆಯ ವಖಾರಿ ಪಾಳು ಬಿದ್ದು ನಿಂತಿದೆ. ಆಗ ಅದು ವಿಜಯಪುರದ ಆದಿಲ್‌ಶಾಹಿಗಳ ಬಂದರು. 1637ರಲ್ಲಿ ಯೋಹಾನ್ ವಾನ್ ಟ್ವಿಸ್ಟ್ ಎಂಬ ಡಚ್ ರಾಯಭಾರಿ ವಿಜಯಪುರಕ್ಕೆ ಬಂದು ಮಾತುಕತೆ ನಡೆಸಿದ, ಅದೇ ವರ್ಷ ಅಲ್ಲಿ ಡಚ್ಚರ ಮಳಿಗೆ ಶುರುವಾಯಿತು. ಮರಾಠಿಯಲ್ಲಿ ಡಚ್ಚರನ್ನು 'ವಲಂದೇಜ' ಎನ್ನುತ್ತಿದ್ದರು. ಅವರ ಅಕ್ಕಿ ವ್ಯಾಪಾರ ಕುಂದಾಪುರ ಕಡೆಯ ಬಸರೂರಿನಲ್ಲೂ ಇತ್ತು.

ವ್ಯಾಪಾರಿಗಳಿಗಿಂತ ಮೊದಲೇ ಒಬ್ಬ ಡಚ್ ಚಿತ್ರಕಾರ ಬಂದಿದ್ದ ಎಂಬುದು ನನಗೆ ಎಲ್ಲಕ್ಕಿಂತ ಆಶ್ಚರ್ಯ ತಂದ ಸಂಗತಿ. ಹಾರ್ಲೆಮ್ ಊರಿನ ಕಾರ್ನೆಲಿಸ್ ಕ್ಲಾಸ್ ಹೇಡಾ ಇರಾನಿನ ಶಾಹ್ ಅಬ್ಬಾಸನ ಆಸ್ಥಾನ ಸೇರಬೇಕೆಂದು ಹೊರಟವನು, ಗೋವಾದಲ್ಲಿ ಪೋರ್ಚುಗೀಸರ ಸೆರೆಮನೆ ಕಂಡು, ಕೊನೆಗೆ ಸುಮಾರು 1610ರ ಹೊತ್ತಿಗೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಚಿತ್ರಕಾರನಾದ. ವಿಜಯಪುರದ ಪಕ್ಕದಲ್ಲಿ ಬಾದಶಾಹ ಕಟ್ಟಿಸುತ್ತಿದ್ದ ನೌರಸಪುರದಲ್ಲಿ ನೆಲೆಸಿ, 1622ರಲ್ಲಿ ಇಲ್ಲೇ ತೀರಿಕೊಂಡ. ನಮ್ಮಲ್ಲಿ ಎಷ್ಟು ಜನ ಗೋಳಗುಮ್ಮಟದ ಟ್ರಿಪ್‌ಗೆ ಹೋಗಿ ಬಂದಿದ್ದೇವೆ! ಯಾರೂ ಈ ಹೆಸರು ಹೇಳಿರಲಿಲ್ಲ.

ಹಾಗಾದರೆ ಹದಿನೇಳನೆಯ ಶತಮಾನದಲ್ಲಿ ಆ ಕಾಲುವೆ ದಂಡೆ ಹೇಗಿತ್ತು? ಕಾಲುವೆ ಎಂದರೆ ನಮಗೆ ನವಿಲುತೀರ್ಥದ ಆಣೆಕಟ್ಟಿನಿಂದ ಹೊಲಕ್ಕೆ ನೀರು ಒಯ್ಯುವ ಮಲಪ್ರಭಾ ಕಾಲುವೆ. ನೀರು ಬಿಟ್ಟರೆ ಬಂತು, ಬಿಡದಿದ್ದರೆ ಜಗಳ. ಡಚ್ಚರ ಊರಿನೊಳಗಿನ ಕಾಲುವೆ ಬೇರೆಯದೇ. ಅವರ ನೆಲ ಬಹಳ ಕಡೆ ಸಮುದ್ರಮಟ್ಟಕ್ಕಿಂತ ತಗ್ಗು, ಆದ್ದರಿಂದ ನೀರನ್ನು ತರುವುದಲ್ಲ, ಹೊರಹಾಕುವುದು ಮೊದಲ ಕೆಲಸ. ಅದೇ ಕಾಲುವೆ ರಸ್ತೆಯೂ ಹೌದು. ದೋಣಿ ನೇರವಾಗಿ ವ್ಯಾಪಾರಿಯ ಬಾಗಿಲಿಗೆ ಬರುತ್ತಿತ್ತು. ಮನೆಯ ಮುಂಗೋಡೆ ಮೇಲಕ್ಕೆ ಹೋದಂತೆ ಮೆಟ್ಟಿಲು ಮೆಟ್ಟಿಲಾಗಿ ಅಥವಾ ಗಂಟೆಯ ಆಕಾರದಲ್ಲಿ ಕಿರಿದಾಗುತ್ತದೆ. ತುದಿಯಲ್ಲಿ ಒಂದು ತೊಲೆ ಹೊರಚಾಚಿ, ಅದಕ್ಕೆ ಕೊಕ್ಕೆ. ಅದಕ್ಕೆ ರಾಟೆ ಕಟ್ಟಿ, ಹಗ್ಗ ಹಾಕಿ ಚೀಲಗಳನ್ನು ಅಟ್ಟಕ್ಕೆ ಎಳೆಯುತ್ತಿದ್ದರು. ಕೆಳಗೆ ಸಂಸಾರ, ಮೇಲೆ ಗೋದಾಮು. ಇದನ್ನು ಹೇಳಿದಾಗ ದಾದಾಗೆ ಬಹಳ ಖುಷಿಯಾಯಿತು. ನಮ್ಮ ಹಳೆಯ ಅಂಗಡಿಯ ಮಾಳಿಗೆಯಲ್ಲೂ ಇಂಥದೇ ತೊಲೆ ಇದೆ.

ಆ ಕಾಲಕ್ಕೆ ಎಂಕ್‌ಹೌಜನ್‌ನ ಜನಸಂಖ್ಯೆ 20 ಸಾವಿರ ದಾಟಿತ್ತು. ಆ ದಂಡೆಯ ಮೇಲೆ ಸುಕೂನ್ ಇರಲು ಸಾಧ್ಯವೇ ಇರಲಿಲ್ಲ. ಉಪ್ಪುಮೀನಿನ ವಾಸನೆ, ಡಾಂಬರಿನ ವಾಸನೆ, ಮೆಣಸು, ಹಮಾಲರ ಕೂಗು.

ಒಂದು ಮಾತು ಇಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಲೆಕ್ಕ ಒಂದೇ ಬದಿಯದಾಗುತ್ತದೆ. ಆ ಚಂದದ ಮನೆಗಳ ಹಣವೆಲ್ಲ ಬೆವರಿನ ಹಣವಲ್ಲ. ಜಾಯಿಕಾಯಿಗಾಗಿ 1621ರಲ್ಲಿ ಬಂಡಾ ದ್ವೀಪಗಳ ಬಹುಪಾಲು ಜನರನ್ನು ಕಂಪನಿಯ ಸೈನ್ಯ ಕೊಂದಿತು, ಇಲ್ಲವೇ ಗುಲಾಮರನ್ನಾಗಿ ಸಾಗಿಸಿತು. ಆ ಸೈನ್ಯ ನಡೆಸಿದ ಯಾನ್ ಪೀಟರ್‌ಸ್ಝೋನ್ ಕೂನ್, ಎಂಕ್‌ಹೌಜನ್‌ನ ನೆರೆಯ ಹೋರ್ನ್ ಊರಿನವನು. ಬಿಸಿಲು ಬಿದ್ದ ಇಟ್ಟಿಗೆ ಇದನ್ನು ಹೇಳುವುದಿಲ್ಲ.

ಮುಂದೆ ಏನಾಯಿತು ಎಂಬುದನ್ನು ಬೇಗ ಹೇಳುತ್ತೇನೆ. ಜೌಡರ್‌ಜೀಯಲ್ಲಿ ಮರಳು, ಕೆಸರು ತುಂಬಿ ದೊಡ್ಡ ಹಡಗುಗಳಿಗೆ ಕಷ್ಟವಾಯಿತು. ವ್ಯಾಪಾರವೆಲ್ಲ ಆಮ್‌ಸ್ಟರ್‌ಡ್ಯಾಮ್ ಕಡೆಗೆ ಸರಿಯಿತು. ಇಂಗ್ಲೆಂಡಿನ ಜೊತೆ 1780ರಿಂದ 1784ರವರೆಗೆ ನಡೆದ ಯುದ್ಧ ಕಂಪನಿಯ ಬೆನ್ನು ಮುರಿಯಿತು, 1799ರ ಕೊನೆಗೆ ಕಂಪನಿಯೇ ಮುಗಿಯಿತು. ಕಂಪನಿಗೆ ಶಾಶ್ವತ ಅಸ್ತಿತ್ವ ಇದೆ ಎಂದು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ! 1824ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ಉತ್ತರದ ಸಮುದ್ರಕ್ಕೆ ಹೊಸ ದೊಡ್ಡ ಕಾಲುವೆ ತೆರೆದ ಮೇಲೆ ಹಡಗುಗಳು ಜೌಡರ್‌ಜೀಗೆ ಬರುವ ಅಗತ್ಯವೇ ಉಳಿಯಲಿಲ್ಲ. 1839ರಲ್ಲಿ ಆ ದೇಶದ ಮೊದಲ ರೈಲು ಓಡಿತು, ಆದರೆ ಎಂಕ್‌ಹೌಜನ್‌ಗಲ್ಲ. ಸ್ಪ್ರಿಂಗರ್ ಅಲ್ಲಿಗೆ ಬರುವ ಹೊತ್ತಿಗೆ ಊರಿನಲ್ಲಿ ಉಳಿದವರು ಐದಾರು ಸಾವಿರ ಜನ. ನಾಲ್ಕರಲ್ಲಿ ಮೂರು ಪಾಲು ಹೋಗಿ ಒಂದು ಪಾಲು ಉಳಿದಿತ್ತು.

ಹಮಾಲರು ಎಲ್ಲಿ ಎಂಬುದಕ್ಕೆ ಉತ್ತರ ಇದು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಊರು ಬಿಟ್ಟಿದ್ದರು.

ಇಲ್ಲಿ ನಮ್ಮ ಲೆಕ್ಕಶಾಸ್ತ್ರದ ಒಂದು ಪಾಠ ನನಗೆ ನೆನಪಾಯಿತು. ಚಾಲ್ತಿ ಆಸ್ತಿ ಮತ್ತು ಸ್ಥಿರ ಆಸ್ತಿ. ಸರಕು, ನಗದು, ಬರಬೇಕಾದ ಬಾಕಿ, ಇವೆಲ್ಲ ವ್ಯಾಪಾರದ ಜೊತೆ ಊರು ಬಿಟ್ಟು ಹೋಗುತ್ತವೆ. ಕಟ್ಟಡ ಹೋಗಲಾರದು. ಸ್ಪ್ರಿಂಗರ್ ಬರೆದದ್ದು ಚಾಲ್ತಿ ಆಸ್ತಿ ಖಾಲಿಯಾದ ಊರಿನ ಸ್ಥಿರ ಆಸ್ತಿಯನ್ನು. ಆ ಮನೆಗಳು ಇನ್ನೂರು ವರ್ಷ ಹಾಗೇ ಉಳಿದದ್ದು ಏಕೆ ಎಂದು ಯೋಚಿಸಿ. ಹಣವಿದ್ದ ಊರುಗಳಲ್ಲಿ ಹಳೆಯದನ್ನು ಕೆಡವಿ ಹೊಸದು ಕಟ್ಟಿದರು. ಆಮ್‌ಸ್ಟರ್‌ಡ್ಯಾಮ್ ತನ್ನ ಕೆಲವು ಕಾಲುವೆಗಳನ್ನೇ ಮುಚ್ಚಿ ರಸ್ತೆ ಮಾಡಿತು. ಎಂಕ್‌ಹೌಜನ್‌ನಲ್ಲಿ ಹೊಸದು ಕಟ್ಟುವ ಹಣವಿರಲಿಲ್ಲ, ಹಾಗಾಗಿ ಹಳೆಯದು ಉಳಿಯಿತು. ಅದೂ ಎಲ್ಲವೂ ಅಲ್ಲ. ಬಾಡಿಗೆಗೆ ಯಾರೂ ಸಿಗದ ಎಷ್ಟೋ ಮನೆಗಳನ್ನು ಕೆಡವಿದರು, ಕೋಟೆಯ ಒಳಗೇ ಹಲವು ಬೀದಿಗಳಿದ್ದ ಜಾಗ ಹೊಲ, ಹುಲ್ಲುಗಾವಲಾಯಿತು. ಸ್ಪ್ರಿಂಗರ್ ನಿಂತದ್ದು ಉಳಿದುಕೊಂಡ ಸಾಲಿನ ಎದುರು. ಕೆಡವಿದ ಬೀದಿ ಚೌಕಟ್ಟಿನ ಹೊರಗಿದೆ.

ಇದಕ್ಕಾಗಿ ಸ್ಪ್ರಿಂಗರ್‌ನನ್ನು ದೂರಬೇಕೆ? ನನ್ನ ಗೆಳತಿಯೊಬ್ಬಳು "ಅವನು ಸುಳ್ಳು ಹೇಳಿದ್ದಾನೆ" ಎಂದಳು. ನಾನು ಒಪ್ಪುವುದಿಲ್ಲ. ಆ ಮನೆಗಳು ನಿಜ, ಬಿಸಿಲು ನಿಜ. ಅವನ ಚಿತ್ರ ಕೊಳ್ಳುತ್ತಿದ್ದವರು ದೊಡ್ಡ ಊರುಗಳ ಹಣವಂತರು. ತಮ್ಮ ದೇಶ ಒಂದು ಕಾಲದಲ್ಲಿ ಲೋಕದಲ್ಲೇ ಶ್ರೀಮಂತವಾಗಿತ್ತು ಎಂದು ಗೋಡೆಯ ಮೇಲೆ ನೋಡಿಕೊಳ್ಳುವ ಆಸೆ ಅವರದು. ಅವರಿಗೆ ಬೇಕಾದದ್ದು ಸುಕೂನ್, ಅವನು ಅದನ್ನೇ ಕೊಟ್ಟ. ಒಂದು ರೀತಿಯಲ್ಲಿ ಉಪಕಾರವನ್ನೂ ಮಾಡಿದ. ಇಂಥ ಚಿತ್ರಗಳಿಂದ ಹಳೆಯ ಕಟ್ಟಡಗಳಿಗೂ ಬೆಲೆ ಇದೆ ಎಂಬ ಭಾವನೆ ಜನರಲ್ಲಿ ಬೆಳೆಯಿತು. 1873ರಲ್ಲಿ ವಿಕ್ಟರ್ ಡೆ ಸ್ಟೂರ್ಸ್ ಎಂಬವನು ಹಳೆಯ ಕಟ್ಟಡ ಕೆಡವುವುದರ ವಿರುದ್ಧ ಪತ್ರಿಕೆಯೊಂದರಲ್ಲಿ ಖಾರವಾಗಿ ಬರೆದ ಲೇಖನದಿಂದ ಸರ್ಕಾರವೇ ಎಚ್ಚೆತ್ತಿತು. ಅದರ ಮರುವರ್ಷ, 1874ರಲ್ಲಿ, ಫ್ರಾನ್ಸಿನ ಆನ್ರಿ ಹಾವಾರ್ ಈ ಕಡೆಯ ಊರುಗಳನ್ನು ಸುತ್ತಿ ಒಂದು ಪುಸ್ತಕ ಬರೆದ. ಅವನು ಇಟ್ಟ ಹೆಸರು 'ಜೌಡರ್‌ಜೀಯ ಸತ್ತ ಊರುಗಳು' ಎಂಬ ಅರ್ಥದ್ದು. ಆರು ವರ್ಷದ ಅಂತರದಲ್ಲಿ ಒಬ್ಬ ಅದೇ ಊರಿನಲ್ಲಿ ಬಿಸಿಲು ಕಂಡ, ಇನ್ನೊಬ್ಬ ಸಾವು ಕಂಡ.

ನಮ್ಮ ಮನೆಯ ಭಾಷೆಯಲ್ಲಿ ಇದಕ್ಕೆ ಎರಡು ಬೇರೆ ಬೇರೆ ಪದಗಳಿವೆ. ಸುಕೂನ್ ಎಂದರೆ ಮನಸ್ಸಿಗೆ ನೆಮ್ಮದಿ ಕೊಡುವ ನಿಶ್ಶಬ್ದ. ಫಜರ್ ನಮಾಜಿನ ಹೊತ್ತಿನಲ್ಲಿ ಬೀದಿ ಹೇಗಿರುತ್ತದೆಯೋ ಹಾಗೆ. ಸನ್ನಾಟಾ ಎಂದರೆ ಇರಬೇಕಾದ ಸದ್ದು ಇಲ್ಲದಿರುವುದು. ನಮ್ಮ ಕಡೆಯ ಕನ್ನಡದಲ್ಲಿ "ಓಣಿ ಭಣಭಣ ಅಂತೈತಿ" ಎನ್ನುತ್ತೇವಲ್ಲ, ಅದು. ಎರಡರಲ್ಲೂ ಕಿವಿಗೆ ಕೇಳುವುದು ಒಂದೇ. ಫೋಟೋ ತೆಗೆದರೆ ಎರಡೂ ಒಂದೇ ಥರ ಬರುತ್ತವೆ.

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ನಮ್ಮ ಅಂಗಡಿ ಇರುವುದು ಊರಿನ ಹಳೆಯ ಪೇಟೆಯ ಓಣಿಯಲ್ಲಿ. ದಾದಾನ ಕಾಲದಲ್ಲಿ ಅರಳೆಯ ಹಂಗಾಮಿನಲ್ಲಿ ಆ ಓಣಿಯಲ್ಲಿ ಎತ್ತಿನ ಗಾಡಿಗಳು ರಾತ್ರಿಯಿಂದಲೇ ಸಾಲು ನಿಲ್ಲುತ್ತಿದ್ದವಂತೆ. ರೈತರು ಗಾಡಿಯ ಕೆಳಗೇ ಮಲಗುತ್ತಿದ್ದರು. ಚಹಾದ ಅಂಗಡಿಗೆ ಬಾಗಿಲೇ ಇರಲಿಲ್ಲ, ಮುಚ್ಚಿದರೆ ತಾನೇ ಬಾಗಿಲು ಬೇಕು ಎಂದು ದಾದಾ ಹೇಳುತ್ತಾರೆ. ಆಮೇಲೆ ವ್ಯಾಪಾರ ಊರ ಹೊರಗಿನ ಮಾರುಕಟ್ಟೆ ಅಂಗಳಕ್ಕೆ ಹೋಯಿತು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಲಾರಿ ಆ ಓಣಿಯೊಳಗೆ ಬರುವುದಿಲ್ಲ, ತೂಕವೂ ಅಲ್ಲಿ ಸರಿಯಾಗಿ ಆಗುತ್ತದೆ ಎಂದು ರೈತರೇ ಹೇಳುತ್ತಾರೆ. ಆದರೆ ಓಣಿ ಉಳಿಯಿತು. ತೇಗದ ಬಾಗಿಲು, ಕೆತ್ತಿದ ಕಂಬ, ಮಾಳಿಗೆ, ಎಲ್ಲ ಹಾಗೇ ಇದೆ. ಅಬ್ಬಾ ಅಲ್ಲೇ ಚೀಲ, ಹಗ್ಗ, ತಾಡಪತ್ರಿ ಮಾರುತ್ತಾರೆ. ಸಂಜೆ ಗಲ್ಲಾ ಎಣಿಸುವ ಕೆಲಸ ನನ್ನದು, ಆದ್ದರಿಂದ ಆ ನಿಶ್ಶಬ್ದದ ಬೆಲೆ ನನಗೆ ರೂಪಾಯಿಯಲ್ಲೇ ಗೊತ್ತು.

ಕಳೆದ ದೀಪಾವಳಿ ರಜೆಯಲ್ಲಿ ಬೆಂಗಳೂರಿನಿಂದ ಬಂದಿದ್ದ ಇಬ್ಬರು ಆ ಓಣಿಯ ಫೋಟೋ ತೆಗೆದರು. ಬಹಳ ಒಳ್ಳೆಯವರು, ದಾದಾಗೆ ಸಲಾಂ ಹೇಳಿ ಕೇಳಿಕೊಂಡೇ ತೆಗೆದರು. ಹೋಗುವಾಗ ಒಬ್ಬರು, "ಎಷ್ಟು ಶಾಂತವಾಗಿದೆ ನಿಮ್ಮ ಓಣಿ, ಪುಣ್ಯವಂತರು ನೀವು" ಎಂದರು. ದಾದಾ ನಗುತ್ತಲೇ ಕೈ ಮುಗಿದರು. ಒಳಗೆ ಬಂದ ಮೇಲೆ ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ. ಅಂದು ನನಗೆ ಅರ್ಥವಾಗಿರಲಿಲ್ಲ. ಸರ್ ಚಿತ್ರ ತೋರಿಸಿದಾಗ "ಶಾಂತಿ" ಎಂದು ಕೂಗಿದ ನಾನೂ ಆ ಅತಿಥಿಗಳ ಸಾಲಿನಲ್ಲೇ ನಿಂತಿದ್ದೆ.

ನಮ್ಮ ಸೀಮೆಯಲ್ಲಿ ಇಂಥ ಊರುಗಳು ಕಡಿಮೆ ಇಲ್ಲ. ರಾಮದುರ್ಗ ತಾಲ್ಲೂಕಿನ ತೊರಗಲ್ಲನ್ನೇ ನೋಡಿ. ಚಾಲುಕ್ಯರ ಕಾಲದ ಶಾಸನಗಳಲ್ಲಿ 'ತೊರಗಲೆ ಆರುಸಾವಿರ' ಎಂದು ಇಡೀ ನಾಡಿಗೇ ಇದರ ಹೆಸರು. ಇಂದು ಅಲ್ಲಿ ಹಳೆಯ ಕೋಟೆ, ಭೂತನಾಥ ದೇವಸ್ಥಾನ, ಒಂದು ಹಳ್ಳಿ. ರೈಲಿನ ವಿಷಯವಂತೂ ಹೇಳುವುದೇ ಬೇಡ. ಬೈಲಹೊಂಗಲಕ್ಕಾಗಲಿ, ಸವದತ್ತಿಗಾಗಲಿ, ರಾಮದುರ್ಗಕ್ಕಾಗಲಿ ರೈಲಿಲ್ಲ. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಹೊಸ ಹಳಿ ಎಂಬ ಮಾತನ್ನು ಕೇಳುತ್ತಲೇ ನಾವು ಪಿಯುಸಿಗೆ ಬಂದೆವು. ಎಂಕ್‌ಹೌಜನ್‌ಗೆ ರೈಲು ಬಂದದ್ದು 1885ರಲ್ಲಿ, ಸ್ಪ್ರಿಂಗರ್ ಚಿತ್ರ ಬರೆದು ಸರಿಯಾಗಿ ಹದಿನೇಳು ವರ್ಷಕ್ಕೆ. ನನ್ನ ವಯಸ್ಸಷ್ಟು ಕಾಲ.

ಆ ಊರು ಆಮೇಲೆ ಸತ್ತೇ ಹೋಯಿತೇ? ಇಲ್ಲ, ಹಾವಾರ್ ಅವಸರ ಮಾಡಿದ. 1932ರಲ್ಲಿ ಡಚ್ಚರು ಜೌಡರ್‌ಜೀಯ ಬಾಯಿಗೇ ದೊಡ್ಡ ಕಟ್ಟೆ ಕಟ್ಟಿ ಸಮುದ್ರವನ್ನು ಸಿಹಿನೀರಿನ ಕೆರೆ ಮಾಡಿದರು. ಸಮುದ್ರದ ಮೀನುಗಾರಿಕೆಯೂ ಅಲ್ಲಿಗೆ ಮುಗಿಯಿತು. ಆದರೆ ಅದಕ್ಕೂ ಮೊದಲೇ ಆ ಭಾಗದ ಕೆಲವರು ತರಕಾರಿ ಬೀಜದ ವ್ಯಾಪಾರ ಶುರುಮಾಡಿದ್ದರು. ಸ್ಲೌಸ್ ಅಂಡ್ ಗ್ರೂಟ್ ಎಂಬ ಬೀಜದ ಕಂಪನಿ ಹುಟ್ಟಿದ್ದು 1867ರಲ್ಲಿ, ನಮ್ಮ ಚಿತ್ರಕ್ಕಿಂತ ಒಂದೇ ವರ್ಷ ಮೊದಲು. ಸ್ಪ್ರಿಂಗರ್ ಹಳೆಯ ಗೋಡೆ ನೋಡುತ್ತಿದ್ದಾಗ ಅದೇ ಸೀಮೆಯ ಹೊಲಗಳಲ್ಲಿ ಹೊಸ ಖಾತೆ ತೆರೆದಿತ್ತು. ಇಂದು ಎನ್ಜಾ ಜಾಡೆನ್ ಎಂಬ ದೊಡ್ಡ ಬೀಜದ ಕಂಪನಿಯ ಮುಖ್ಯ ಕಚೇರಿ ಎಂಕ್‌ಹೌಜನ್‌ನಲ್ಲಿದೆ, ಸಿಂಜೆಂಟಾದ ಬೀಜ ಕೇಂದ್ರವೂ ಅಲ್ಲಿದೆ. ಜೊತೆಗೆ ಸಮುದ್ರದ ಹಳೆಯ ಬದುಕನ್ನು ತೋರಿಸುವ ಮ್ಯೂಸಿಯಂ ಇದೆ, ಪ್ರವಾಸಿಗರು ಬರುತ್ತಾರೆ. ಸ್ಪ್ರಿಂಗರ್ ಬರೆದ ಆ ಹಳೆಯ ಮನೆಗಳನ್ನು ಮೆಚ್ಚಿ ಬರುವವರೂ ಅವರಲ್ಲಿ ಇರಬೇಕು. ಲೆಕ್ಕದಲ್ಲಿ ಸವಕಳಿ ಕಳೆದು ಕಳೆದು ಸೊನ್ನೆ ಮಾಡಿದ ಆಸ್ತಿ ಮತ್ತೆ ಆದಾಯ ತರುವುದನ್ನು ಪರೀಕ್ಷೆಯಲ್ಲಿ ಹೇಗೆ ಬರೆಯಬೇಕೋ ಮೇಡಂ ಅವರನ್ನೇ ಕೇಳಬೇಕು.

ನಮ್ಮ ಅಂಗಡಿಯನ್ನು ಇಟ್ಟುಕೊಳ್ಳಬೇಕೋ, ಮಾರಿ ಮಾರುಕಟ್ಟೆ ಅಂಗಳದ ಹತ್ತಿರ ಬಾಡಿಗೆಗೆ ಹಿಡಿಯಬೇಕೋ ಎಂಬ ಮಾತು ಮನೆಯಲ್ಲಿ ಈ ವರ್ಷವೆಲ್ಲ ನಡೆದಿದೆ. ಅಬ್ಬಾ ಒಂದು ಕಡೆ, ಚಿಕ್ಕಪ್ಪ ಒಂದು ಕಡೆ, ಅಮ್ಮಿ ಎರಡೂ ಕಡೆ. ಈ ಲೇಖನಕ್ಕಾಗಿ ಓದಿದ್ದನ್ನೆಲ್ಲ ಒಂದು ಸಂಜೆ ನಾನು ದಾದಾಗೆ ಹೇಳಿದೆ. ಲಿನ್ಸ್‌ಖೋಟನ್ ಖಜಾಂಚಿಯಾದದ್ದು, ಕೆಡವಿದ ಬೀದಿಗಳು, ಬೀಜದ ಕಂಪನಿ, ಎಲ್ಲ. ಅವರು ಎಲ್ಲವನ್ನೂ ಕೇಳಿ, ಮತ್ತೆ ಮೊಬೈಲ್ ಕೇಳಿ ಪಡೆದು, ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ಮನೆಗಳ ತುದಿಯನ್ನೇ ನೋಡಿದರು. "ತೊಲೆ ಇದ್ದರೆ ರಾಟೆಯೂ ಇದ್ದಿರಬೇಕು" ಎಂದರು. ನಮ್ಮ ಮಾಳಿಗೆಯ ತೊಲೆಗೆ ಕೊಕ್ಕೆ ಇನ್ನೂ ಇದೆ, ರಾಟೆ ಇಲ್ಲ. ಎಲ್ಲಿ ಹೋಯಿತು ಎಂದು ಕೇಳಿದೆ. ವ್ಯಾಪಾರ ಹೋದ ವರ್ಷ ಅದನ್ನು ಬಿಚ್ಚಿ ಹಿತ್ತಲ ಬಾವಿಗೆ ಹಾಕಿದರಂತೆ. ನಾನು ಚಿಕ್ಕಂದಿನಿಂದ ನೀರು ಸೇದುತ್ತಿರುವುದು ಅದೇ ರಾಟೆಯಲ್ಲಿ.